ಗಣಕದ ಕಾರ್ಯಾಚರಣ ವ್ಯವಸ್ಥೆ: ಬದಲಿಸುವುದೋ, ಇದ್ದಂತೆ ಇರಿಸುವುದೋ?

ಮನೆಯ ಗಣಕಯಂತ್ರದ ಪರದೆಯ ಮೇಲೆ ವಿಂಡೋಸ್ 10ರ ಬೆಂಬಲ ಮುಗಿದಿದೆ ಎಂಬ ಸೂಚನೆ ಮೂಡಿದಾಗ ‘ಆಮೇಲೆ ನೋಡೋಣ’ ಎಂದು ಅದನ್ನು ಮುಚ್ಚಿದವರು ನಮ್ಮ ಓದುಗರಲ್ಲಿ ಅನೇಕರಿರಬೇಕು. ಮೈಕ್ರೋಸಾಫ್ಟ್ ಸಂಸ್ಥೆಯು 2015ರ ಜುಲೈ 29ರಂದು ಬಿಡುಗಡೆ ಮಾಡಿದ್ದ ಈ ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಅಂದಿನಿಂದ ಮನೆಮನೆಗಳಲ್ಲಿ ಒಂದೇ ಚರ್ಚೆ. ಹಿರಿಯರು ‘ಚೆನ್ನಾಗಿ ನಡೆಯುತ್ತಿರುವುದನ್ನು ಕೆದಕುವುದೇಕೆ’ ಎನ್ನುತ್ತಾರೆ. ಮಕ್ಕಳು ‘ಇದನ್ನು ಎಸೆದು ಹೊಸದನ್ನು ತನ್ನಿ’ ಎನ್ನುತ್ತಾರೆ. ಅಂಗಡಿಯವನು ಸಹಜವಾಗಿಯೇ ಮಕ್ಕಳ ಪಕ್ಷ ವಹಿಸುತ್ತಾನೆ.

ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ನಮ್ಮ ಅಭಿಪ್ರಾಯದಲ್ಲಿ, ಹೊರನಾಡ ಕನ್ನಡ ಕುಟುಂಬಗಳು ಯಂತ್ರದ ವಯಸ್ಸನ್ನೋ ಹೊಸದರ ಬೆಲೆಯನ್ನೋ ಲೆಕ್ಕ ಹಾಕುವ ಮೊದಲು ಬೇರೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈ ಗಣಕದಲ್ಲಿ ಕನ್ನಡದಲ್ಲಿ ಬರೆದಿಟ್ಟದ್ದು ಏನೇನಿದೆ, ಮತ್ತು ಅದು ಯಾವ ಅಕ್ಷರಶೈಲಿಯಲ್ಲಿದೆ? ಈ ಪ್ರಶ್ನೆಗೆ ಉತ್ತರ ತಿಳಿಯದೆ ಯಂತ್ರವನ್ನು ಬದಲಿಸಿದವರು ಆಮೇಲೆ ಪಡುವ ಪಾಡನ್ನು ನಾವು ಬಲ್ಲೆವು. ಅದರ ವಿವರ ಮುಂದೆ ಬರುತ್ತದೆ. ಮೊದಲು ‘ಬೆಂಬಲ ಮುಗಿಯಿತು’ ಎಂಬ ಮಾತಿನ ಅರ್ಥವನ್ನು ನೋಡೋಣ.

ಬೆಂಬಲ ನಿಂತರೆ ಆಗುವುದೇನು?

ಗಣಕದ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್. ಇದು ಕೋಟಿಗಟ್ಟಲೆ ಸಾಲುಗಳ ಬರಹ. ಅದರಲ್ಲಿ ದೋಷಗಳಿರುವುದು ಅನಿವಾರ್ಯ. ಕೆಲವು ದೋಷಗಳು ಕಳ್ಳರಿಗೆ ಹಿತ್ತಿಲ ಬಾಗಿಲಾಗಿ ಒದಗುತ್ತವೆ. ಅಂತಹ ಬಾಗಿಲು ಕಂಡಾಗಲೆಲ್ಲ ತಯಾರಕರು ಅದನ್ನು ಮುಚ್ಚುವ ತಿದ್ದುಪಡಿಯನ್ನು ಅಂತರ್ಜಾಲದ ಮೂಲಕ ಕಳುಹಿಸುತ್ತಾರೆ. ಬೆಂಬಲ ಮುಗಿಯಿತೆಂದರೆ ಈ ತಿದ್ದುಪಡಿಗಳು ಇನ್ನು ಬರುವುದಿಲ್ಲವೆಂದು ಅರ್ಥ. ಗಣಕ ಮರುದಿನವೂ ಎಂದಿನಂತೆಯೇ ಏಳುತ್ತದೆ, ಅಕ್ಷರ ಮೂಡಿಸುತ್ತದೆ, ಹಾಡು ಕೇಳಿಸುತ್ತದೆ. ಅದಕ್ಕೇ ಜನ ಮೋಸ ಹೋಗುತ್ತಾರೆ.

2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಸುಲಿಗೆಯ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿ, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವನ್ನೂ ಅಸ್ತವ್ಯಸ್ತಗೊಳಿಸಿತು. ಅದು ನುಗ್ಗಿದ ಬಾಗಿಲನ್ನು ಮುಚ್ಚುವ ತಿದ್ದುಪಡಿ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿಯೇ ಬಂದಿತ್ತು. ಸೋಂಕು ತಗುಲಿದ ಗಣಕಗಳಲ್ಲಿ ಬಹುಪಾಲು ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7ರವು. ತಿದ್ದುಪಡಿ ಬಂದಿದ್ದರೂ ಅವುಗಳ ಒಡೆಯರು ಅದನ್ನು ಹಾಕಿಕೊಂಡಿರಲಿಲ್ಲ. ಆದ್ದರಿಂದ ನಮ್ಮಲ್ಲಿ ಹೊಸ ಆವೃತ್ತಿಯಿದೆ ಎಂಬ ಹೆಮ್ಮೆ ಮಾತ್ರ ಸಾಲದು. ತಿದ್ದುಪಡಿ ಬರುತ್ತಿದೆಯೇ, ಬಂದದ್ದನ್ನು ನಾವು ಸ್ವೀಕರಿಸುತ್ತಿದ್ದೇವೆಯೇ ಎಂಬ ಎರಡನ್ನೂ ನೋಡಬೇಕು.

ವಿಳಂಬ ಮಾಡುವುದರಲ್ಲಿ ಗೃಹಸ್ಥರಷ್ಟೇ ಹೆಸರಾದವರಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ಬೆಂಬಲ ನಿಂತಿತ್ತು. ಆದರೂ ನಮ್ಮ ದೇಶದ ಎಟಿಎಂ ಯಂತ್ರಗಳಲ್ಲಿ ಅಂತಹ ಹಳೆಯ ವ್ಯವಸ್ಥೆಗಳು ಉಳಿದೇ ಇದ್ದವು. ಕೊನೆಗೆ ರಿಸರ್ವ್ ಬ್ಯಾಂಕು 2018ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿ, 2019ರ ಜೂನ್ ಒಳಗೆ ಹಂತಹಂತವಾಗಿ ಎಲ್ಲ ಎಟಿಎಂಗಳನ್ನೂ ಬೆಂಬಲವಿರುವ ವ್ಯವಸ್ಥೆಗೆ ತರುವಂತೆ ಬ್ಯಾಂಕುಗಳಿಗೆ ಗಡುವು ಕೊಡಬೇಕಾಯಿತು.

ವಿಂಡೋಸ್ 10 ಬಳಸುವ ಮನೆಗಳಿಗೆ ಸ್ವಲ್ಪ ಉಸಿರಾಡಲು ಅವಕಾಶವಿದೆ. 2025ರಲ್ಲಿ ಪ್ರಕಟವಾದ ವಿಸ್ತೃತ ಸುರಕ್ಷಾ ಯೋಜನೆಯಂತೆ ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರ ವರೆಗೆ ಸುರಕ್ಷಾ ತಿದ್ದುಪಡಿಗಳು ದೊರೆಯುತ್ತವೆ. ಇದಕ್ಕೆ ಗಣಕದಲ್ಲಿ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು, ಮತ್ತು ಮೈಕ್ರೋಸಾಫ್ಟ್ ಖಾತೆಯಿರಬೇಕು. ಗಣಕದ ಸೆಟ್ಟಿಂಗ್‌ಗಳನ್ನು ಆ ಖಾತೆಯಲ್ಲಿ ಕಾಪಿಡಲು ಒಪ್ಪಿದರೆ ಶುಲ್ಕವಿಲ್ಲ. ಒಪ್ಪದವರಿಗೆ 30 ಡಾಲರ್‌ನ ಶುಲ್ಕ. ಒಂದೇ ಖಾತೆಯಡಿ ಹತ್ತು ಗಣಕಗಳ ವರೆಗೆ ಸೇರಿಸಬಹುದು. ಸಂಘ ಸಂಸ್ಥೆಗಳ ಲೆಕ್ಕ ಬೇರೆ. ಮೂರು ವರ್ಷಗಳ ವರೆಗೆ ಅವಕಾಶವಿದ್ದರೂ ಗಣಕವೊಂದಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷವರ್ಷವೂ ಇಮ್ಮಡಿ. ಸದಸ್ಯರ ವಂತಿಗೆಯಿಂದ ನಡೆಯುವ ನಮ್ಮಂತಹ ಸಂಘಗಳಿಗೆ ಇದು ಹೊರಲಾರದ ಹೊರೆ ಎಂದು ಬೇರೆ ಹೇಳಬೇಕಿಲ್ಲ. ಮನೆಯವರಿಗಾದರೂ ಇದು ಸಮಸ್ಯೆಯ ಪರಿಹಾರವಲ್ಲ. ತುಸು ಕಾಲಾವಕಾಶ ಮಾತ್ರ. ಆ ಅವಕಾಶವನ್ನು ಯಾವುದಕ್ಕೆ ಬಳಸಿಕೊಳ್ಳಬೇಕೆಂಬುದೇ ಈ ಲೇಖನದ ಮುಖ್ಯ ವಿಷಯ.

ಯಂತ್ರಕ್ಕೆ ಅರ್ಹತೆಯಿದೆಯೇ?

2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11, ಹಿಂದಿನ ಆವೃತ್ತಿಗಳಂತೆ ಸಿಕ್ಕ ಯಂತ್ರದ ಮೇಲೆಲ್ಲ ಕೂರುವುದಿಲ್ಲ. ನಾಲ್ಕು ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಎಂಬ ಷರತ್ತುಗಳು ಕಠಿಣವಲ್ಲ. ತೊಡಕಿರುವುದು ಎರಡು ಕಡೆ. ಮೊದಲನೆಯದು ‘ಟಿಪಿಎಂ 2.0’ ಎಂಬ ಸುರಕ್ಷಾ ಘಟಕ. ಗುಪ್ತಲಿಪಿಯ ಕೀಲಿಗಳನ್ನು ತನ್ನೊಳಗೆ ಜೋಪಾನ ಮಾಡುವ ಪುಟ್ಟ ತಿಜೋರಿಯಂತಹುದು ಅದು. ಎರಡನೆಯದು ಪ್ರೊಸೆಸರ್. ಇಂಟೆಲ್ ಆದರೆ, ಕೆಲವೇ ಅಪವಾದಗಳನ್ನು ಬಿಟ್ಟು, 2017ರಲ್ಲಿ ಬಂದ ಎಂಟನೆಯ ಪೀಳಿಗೆಯದು ಅಥವಾ ಅದರ ನಂತರದ್ದಾಗಿರಬೇಕು. ಎಎಂಡಿ ಆದರೆ ಬಹುಮಟ್ಟಿಗೆ ರೈಜೆನ್ 2000 ಸರಣಿಯಿಂದೀಚಿನದು.

ಪೀಳಿಗೆಯನ್ನು ತಿಳಿಯುವುದು ಸುಲಭ. ಐ3, ಐ5 ಅಥವಾ ಐ7 ಎಂಬುದರ ಮುಂದೆ ನಾಲ್ಕಂಕಿಯ ಸಂಖ್ಯೆಯಿದ್ದು ಅದು 7ರಿಂದ ಆರಂಭವಾದರೆ ಏಳನೆಯ ಪೀಳಿಗೆ, 8ರಿಂದ ಆರಂಭವಾದರೆ ಎಂಟನೆಯದು. 10, 11, 12 ಎಂದು ಆರಂಭವಾದರೆ ಇನ್ನೂ ಹೊಸದು. ಅಂಗಡಿಯವನು ‘ನಿಮ್ಮದು ಐ7, ಏನೂ ತೊಂದರೆಯಿಲ್ಲ’ ಎಂದರೆ ನಂಬಬೇಡಿ. ಆರನೆಯ ಪೀಳಿಗೆಯ ಐ7ಕ್ಕೆ ಅರ್ಹತೆಯಿಲ್ಲ, ಎಂಟನೆಯ ಪೀಳಿಗೆಯ ಐ3ಕ್ಕೆ ಉಂಟು. ಇಷ್ಟೆಲ್ಲ ಪರಿಶೀಲಿಸುವ ಬೇಸರ ಬೇಡವೆನಿಸಿದರೆ ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶ ಹೌದು ಅಥವಾ ಇಲ್ಲ ಎಂದು ಹೇಳಿಬಿಡುತ್ತದೆ.

ಆದರೆ ‘ಇಲ್ಲ’ ಎಂದ ಮಾತ್ರಕ್ಕೆ ಕೈಚೆಲ್ಲಬಾರದು. ಕಾರಣ ಟಿಪಿಎಂ ಮಾತ್ರವಾಗಿದ್ದರೆ, ಅನೇಕ ಯಂತ್ರಗಳಲ್ಲಿ ಅದು ಇದ್ದೂ ನಿಷ್ಕ್ರಿಯವಾಗಿರುತ್ತದೆ. ಗಣಕ ಏಳುವಾಗ ತೆರೆಯುವ ಬಯಾಸ್ ಪುಟದಲ್ಲಿ ಇಂಟೆಲ್‌ನಲ್ಲಿ ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’ ಎಂಬ ಹೆಸರಿನಲ್ಲಿರುವ ಅದನ್ನು ಚಾಲೂ ಮಾಡಿದರೆ ಸಾಕು. ಕಾರಣ ಪ್ರೊಸೆಸರ್ ಆಗಿದ್ದರೆ ದಾರಿಯಿಲ್ಲ. ರ್‍ಯಾಮ್ ಹೆಚ್ಚಿಸಿದರೆ ಅಥವಾ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರ ಖಂಡಿತ ಚುರುಕಾಗುತ್ತದೆ, ಆದರೆ ಅರ್ಹತೆ ಬರುವುದಿಲ್ಲ. ಷರತ್ತುಗಳನ್ನು ತಪ್ಪಿಸಿ ವಿಂಡೋಸ್ 11 ಕೂರಿಸಿಕೊಡುವ ಚಾಣಾಕ್ಷರು ಎಲ್ಲ ನಗರಗಳಲ್ಲಿಯೂ ಇದ್ದಾರೆ. ಹಾಗೆ ಕೂರಿಸಿದ ಗಣಕಕ್ಕೆ ಮುಂದಿನ ತಿದ್ದುಪಡಿಗಳ ಭರವಸೆಯಿಲ್ಲವೆಂದು ತಯಾರಕರೇ ಹೇಳಿದ್ದಾರೆ. ತಿದ್ದುಪಡಿಗಾಗಿಯೇ ಮಾಡುವ ಬದಲಾವಣೆಯಲ್ಲಿ ತಿದ್ದುಪಡಿಗೇ ಖಾತರಿಯಿಲ್ಲವೆಂದರೆ ಶ್ರಮ ವ್ಯರ್ಥ.

ಅಸಲಿ ಪರವಾನಗಿಯ ವಿಂಡೋಸ್ 10 ಇರುವ ಅರ್ಹ ಯಂತ್ರಕ್ಕೆ ವಿಂಡೋಸ್ 11 ಉಚಿತ. ನಕಲಿ ಪ್ರತಿ ಹಾಕಿಸಿಕೊಂಡವರು ಈ ಸಂದರ್ಭದಲ್ಲಾದರೂ ಸರಿಪಡಿಸಿಕೊಳ್ಳುವುದೊಳಿತು.

ಕನ್ನಡದ ಕಡತಗಳ ಕಥೆ

ಇನ್ನು ನಾವು ಆರಂಭದಲ್ಲಿ ಸೂಚಿಸಿದ ವಿಷಯ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಗಣಕಗಳಲ್ಲಿ ಏನಿರುತ್ತದೆ? ತಂದೆಯವರು ನಿವೃತ್ತಿಯ ನಂತರ ಬರೆದ ಬಾಲ್ಯದ ನೆನಪುಗಳು, ತಾಯಿಯವರು ಕೂಡಿಸಿಟ್ಟ ಹಸೆಯ ಹಾಡುಗಳು, ಮನೆತನದ ವಂಶಾವಳಿ, ಸಂಘದ ವಾರ್ಷಿಕೋತ್ಸವಕ್ಕೆ ಆಡಿದ ನಾಟಕದ ಹಸ್ತಪ್ರತಿ, ಮಗಳ ರಂಗಪ್ರವೇಶದ ಆಮಂತ್ರಣ, ಸ್ಮರಣ ಸಂಚಿಕೆಗಳ ಪುಟಗಳು. ಇವು ಬೇರೆಲ್ಲಿಯೂ ಇಲ್ಲ. ಯಾವ ಗ್ರಂಥಾಲಯದಲ್ಲಿಯೂ ಇವುಗಳ ಪ್ರತಿಯಿಲ್ಲ.

ಇವುಗಳಲ್ಲಿ ಹಳೆಯವು ಬಹುಪಾಲು ಇಂದಿನ ಯುನಿಕೋಡ್‌ನಲ್ಲಿ ಇರಲಾರವು. ಅದಕ್ಕೆ ಇತಿಹಾಸವಿದೆ. ಯುನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಒಂದು ಅಂಕಣ ಮೀಸಲಾಗಿತ್ತು. ಆದರೆ ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂತಹ ಬೆಂಬಲ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಅಕ್ಷರಶೈಲಿಯೊಂದಿಗೆ. ಆಗಲೂ ಅದು ತಾನಾಗಿ ಕಾಣುತ್ತಿರಲಿಲ್ಲ. ಭಾಷಾ ಆಯ್ಕೆಗಳ ಪುಟದಲ್ಲಿ ಸಂಕೀರ್ಣ ಲಿಪಿಗಳ ಮುಂದೆ ಗುರುತು ಹಾಕಿ, ವಿಂಡೋಸ್‌ನ ಸಿ.ಡಿ. ತೂರಿಸಿ, ಗಣಕವನ್ನು ಮತ್ತೆ ಎಬ್ಬಿಸಬೇಕಾಗಿತ್ತು. ಅಷ್ಟನ್ನು ಮಾಡಿದವರು ಎಷ್ಟು ಮಂದಿ?

ಅಷ್ಟರೊಳಗೆ ಕನ್ನಡಿಗರು ಬೇರೆ ದಾರಿಗಳನ್ನು ಕಂಡುಕೊಂಡಿದ್ದರು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ತಂತ್ರಾಂಶಗಳು, ಪುಣೆಯದೇ ಆದ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವೆಲ್ಲವೂ ಕನ್ನಡದ ಕೆಲಸವನ್ನು ನಡೆಸಿಕೊಟ್ಟವು. ಅವುಗಳ ಋಣ ದೊಡ್ಡದು. ಆದರೆ ಅಂದಿನ ಉಪಾಯವೆಂದರೆ ಇಂಗ್ಲಿಷ್ ಮೊದಲಾದ ಯುರೋಪಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸುವುದು. ಕ ಎಂಬ ಅಕ್ಷರದ ಮೈ ಒಂದು ಸ್ಥಾನದಲ್ಲಿ, ತಲೆಕಟ್ಟು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಗಣಕದ ಮಟ್ಟಿಗೆ ಅದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಗೊಂದಲವೊಂದಕ್ಕೆ ಕನ್ನಡದ ವೇಷ ಹಾಕಿದಂತೆ. ಆ ವೇಷವೇ ಫಾಂಟ್. ವೇಷ ಕಳಚಿದರೆ ಪುಟದ ತುಂಬ ಕೊಂಬು ಬಾಲಗಳಿರುವ ರೋಮನ್ ಅಕ್ಷರಗಳು ಮಾತ್ರ ಕಾಣುತ್ತವೆ.

ಇಲ್ಲಿಯೇ ಎಡವುವುದು. ನಾವು ಬರೆದ ಕಡತಗಳು ‘ಡಾಕ್ಯುಮೆಂಟ್ಸ್’ ಎಂಬ ಕಪಾಟಿನಲ್ಲಿರುತ್ತವೆ. ಅವುಗಳನ್ನು ಓದಿಸುವ ಫಾಂಟ್‌ಗಳು ಮಾತ್ರ ಸಿ ಡ್ರೈವ್‌ನ ವಿಂಡೋಸ್ ಎಂಬ ಕಪಾಟಿನೊಳಗೆ ‘ಫಾಂಟ್ಸ್’ ಎಂಬಲ್ಲಿರುತ್ತವೆ. ಹೊಸ ಗಣಕ ಕೊಳ್ಳುವಾಗ ಎಲ್ಲರೂ ಡಾಕ್ಯುಮೆಂಟ್ಸ್ ಅನ್ನು ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳುತ್ತಾರೆ, ಫಾಂಟ್ಸ್ ಅನ್ನು ಯಾರೂ ಮುಟ್ಟುವುದಿಲ್ಲ. ಪೆಟ್ಟಿಗೆಯನ್ನು ಹೊತ್ತು ತಂದು ಬೀಗದ ಕೈಯನ್ನು ಹಳೆಯ ಮನೆಯ ಗೂಡಿನಲ್ಲಿಯೇ ಬಿಟ್ಟಂತೆ ಆಗುತ್ತದೆ.

ನಮ್ಮ ಸಂಘದ ಕಚೇರಿಯಲ್ಲಿಯೂ ಹೀಗೆಯೇ ಆಯಿತು. ಹಳೆಯ ಗಣಕವನ್ನು ಬದಲಿಸಿದಾಗ ಕಡತಗಳನ್ನೆಲ್ಲ ಶ್ರದ್ಧೆಯಿಂದ ನಕಲಿಸಿ, ಯಂತ್ರವನ್ನು ಗುಜರಿಗೆ ಕೊಟ್ಟೆವು. ಬಹಳ ದಿನಗಳ ನಂತರ ದಿವಂಗತ ಹಿರಿಯ ಸದಸ್ಯರೊಬ್ಬರ ಲೇಖನವನ್ನು ಮರುಮುದ್ರಿಸಲು ಕಡತವನ್ನು ತೆರೆದರೆ ಒಂದಕ್ಷರವೂ ಓದಲು ಬರಲಿಲ್ಲ. ಬೆಂಗಳೂರಾಗಿದ್ದರೆ ಬೀದಿಯ ತುದಿಯ ಡಿಟಿಪಿ ಅಂಗಡಿಗೆ ಹೋಗಿ ತೆರೆಸಿಕೊಳ್ಳಬಹುದಾಗಿತ್ತು. ಮಾಟುಂಗದಲ್ಲಿಯೋ ಕಾಚಿಗುಡದಲ್ಲಿಯೋ ಕನ್ನಡ ಫಾಂಟ್ ಇರುವ ಅಂಗಡಿ ಎಲ್ಲಿ ಸಿಕ್ಕೀತು? ಕೊನೆಗೆ ಸದಸ್ಯರೊಬ್ಬರ ಮನೆಯ ಅಟ್ಟದಲ್ಲಿದ್ದ ಹಳೆಯ ಸಿ.ಡಿ.ಯಲ್ಲಿ ಆ ಫಾಂಟ್ ದೊರೆತು ಮಾನ ಉಳಿಯಿತು. ಎಲ್ಲರಿಗೂ ಅಂತಹ ಅಟ್ಟ ಸಿಗುವ ಭರವಸೆಯಿಲ್ಲ.

ಆದುದರಿಂದ ಹಳೆಯ ಗಣಕ ಇನ್ನೂ ಉಸಿರಾಡುತ್ತಿರುವಾಗಲೇ ಮಾಡಬೇಕಾದ ಕೆಲಸ ಮೂರು ಬಗೆಯದು. ಮೊದಲು, ಫಾಂಟ್ಸ್ ಕಪಾಟಿನಲ್ಲಿರುವ ಕನ್ನಡ ಅಕ್ಷರಶೈಲಿಗಳನ್ನೆಲ್ಲ ಕಡತಗಳ ಜೊತೆಯಲ್ಲಿಯೇ ಬೇರೆಡೆ ನಕಲಿಸಿಡುವುದು. ಇವು ಸಾಮಾನ್ಯವಾಗಿ ಟ್ರೂಟೈಪ್ ಫಾಂಟ್‌ಗಳಾದ್ದರಿಂದ ವಿಂಡೋಸ್ 11ರಲ್ಲಿಯೂ ಕೂರುತ್ತವೆ, ಹಳೆಯ ಕಡತ ಮತ್ತೆ ಕನ್ನಡವಾಗಿ ಕಾಣುತ್ತದೆ. ಇದ್ದ ಗಣಕವನ್ನೇ ಮೇಲ್ದರ್ಜೆಗೇರಿಸಿದಾಗ ಫಾಂಟ್‌ಗಳು ಸಾಮಾನ್ಯವಾಗಿ ಇದ್ದಲ್ಲಿಯೇ ಉಳಿಯುತ್ತವೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಕೂರಿಸಿದಾಗ ಹೋಗಿಬಿಡುತ್ತವೆ. ತಂತ್ರಜ್ಞರು ತಮಗೆ ಸುಲಭವೆಂದು ಎರಡನೆಯ ದಾರಿಯನ್ನೇ ಹಿಡಿಯುವುದುಂಟು. ಯಾವುದನ್ನು ಮಾಡುತ್ತಾರೆಂದು ಮೊದಲೇ ಕೇಳಿ.

ಎರಡನೆಯದಾಗಿ, ಮುಖ್ಯವಾದ ಪ್ರತಿಯೊಂದು ಕಡತವನ್ನೂ ತೆರೆದು ಪಿಡಿಎಫ್ ಆಗಿ ಉಳಿಸಿಕೊಳ್ಳುವುದು. ವಿಂಡೋಸ್ 10ರಲ್ಲಿ ಮುದ್ರಣದ ಪಟ್ಟಿಯಲ್ಲಿಯೇ ಈ ಆಯ್ಕೆಯಿದೆ. ಅಕ್ಷರಶೈಲಿ ಪಿಡಿಎಫ್‌ನೊಳಗೆ ಅಡಕವಾಗುವುದರಿಂದ ಪುಟ ಇದ್ದಂತೆಯೇ ಎಲ್ಲೆಡೆಯೂ ಕಾಣುತ್ತದೆ. ಅದರಲ್ಲಿ ಕನ್ನಡದ ಪದವನ್ನು ಹುಡುಕಲಾಗದು, ತಿದ್ದಲಾಗದು. ಆದರೂ ಬರೆದದ್ದು ಕಣ್ಣಿಗೆ ಉಳಿಯಿತಲ್ಲ, ಅದೇ ಮೊದಲ ಗೆಲುವು.

ಸ್ಮರಣ ಸಂಚಿಕೆಗಳ ವಿಷಯದಲ್ಲಿ ಇದು ಇನ್ನೂ ತುರ್ತಿನದು. ಬಹುಪಾಲು ಸಂಘಗಳ ಸಂಚಿಕೆಗಳು ಪೇಜ್‌ಮೇಕರ್‌ನಲ್ಲಿ ಸಿದ್ಧವಾದವು. ಅದರ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ತಿಳಿಯದು. ಅಡೋಬಿ ಸಂಸ್ಥೆಯ ಇನ್‌ಡಿಸೈನ್ ಹಳೆಯ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತಿದ್ದುದು ಸಿಎಸ್6 ಆವೃತ್ತಿಯ ವರೆಗೆ ಮಾತ್ರ. ಕೆಲವು ಹಳೆಯ ಪ್ರಕಾಶನ ತಂತ್ರಾಂಶಗಳಿಗೆ ಗಣಕದ ಹಿಂಬದಿಗೆ ಸಿಕ್ಕಿಸುವ ಬೀಗದಂತಹ ಪುಟ್ಟ ಸಾಧನವೂ ಬೇಕಾಗುತ್ತಿತ್ತು. ಅಂತಹ ಸಾಧನವನ್ನು ಸಿಕ್ಕಿಸುವ ಅಗಲವಾದ ಪ್ರಿಂಟರ್ ಕಿಂಡಿಯೇ ಈಗಿನ ಯಂತ್ರಗಳಲ್ಲಿಲ್ಲ. ಯಾರ ಮನೆಯಲ್ಲಾದರೂ ಪೇಜ್‌ಮೇಕರ್ ನಡೆಯುವ ಹಳೆಯ ಗಣಕವಿದ್ದರೆ ಅದನ್ನು ಈ ಕಾರಣಕ್ಕಾದರೂ ಗುಜರಿಗೆ ಹಾಕುವ ಮುನ್ನ ಸಂಘಕ್ಕೆ ತಿಳಿಸುವುದು ಉಪಕಾರವಾದೀತು.

ಮೂರನೆಯದು ಯುನಿಕೋಡ್‌ಗೆ ಪರಿವರ್ತನೆ. ಇದಕ್ಕೆ ತಾಳ್ಮೆ ಬೇಕು. ಬರಹ, ನುಡಿಗಳ ಜೊತೆಯಲ್ಲಿಯೇ ಪರಿವರ್ತಕಗಳು ಬಂದಿವೆ, ಅಂತರ್ಜಾಲದಲ್ಲಿಯೂ ಇವೆ. ಆದರೆ ನುಡಿಗೆ ಹೊಂದುವ ಪರಿವರ್ತಕ ಶ್ರೀಲಿಪಿಗೆ ಹೊಂದದು, ಏಕೆಂದರೆ ಪ್ರತಿಯೊಬ್ಬರೂ ಚೂರುಗಳನ್ನು ತಮಗೆ ತೋಚಿದ ಸ್ಥಾನದಲ್ಲಿ ಕೂರಿಸಿದ್ದರು. ಹೊಂದಿದರೂ ಕೆಲವು ಕಡೆ ಎಡವುತ್ತದೆ. ಮುಖ್ಯವಾಗಿ ಅರ್ಕಾವತ್ತಿನಲ್ಲಿ. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ದಾಖಲಾಗುತ್ತದೆ. ಯುನಿಕೋಡ್‌ನಲ್ಲಿ ಉಚ್ಚರಿಸುವ ಕ್ರಮದಲ್ಲಿ, ಅಕ್ಷರಕ್ಕಿಂತ ಮೊದಲು ಬರಬೇಕು. ಪರಿವರ್ತಕ ಇದನ್ನು ಹಿಂದುಮುಂದು ಮಾಡದಿದ್ದರೆ ‘ಕರ್ನಾಟಕ’ ಎಂಬುದು ‘ಕನಾರ್ಟಕ’ ಆಗುತ್ತದೆ. ಈ ರೂಪವನ್ನು ಪತ್ರಿಕೆಗಳಲ್ಲಿ, ಫಲಕಗಳಲ್ಲಿ ಕಂಡು ನಕ್ಕವರಿಗೆ ಅದರ ಮೂಲ ಈಗ ತಿಳಿದಿರಬಹುದು. ಪರಿವರ್ತಕವನ್ನು ಪರೀಕ್ಷಿಸಲು ನಮ್ಮ ನಾಡಿನ ಹೆಸರಿಗಿಂತ ಒಳ್ಳೆಯ ಪದವಿಲ್ಲ. ಲೇಖನದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕೆಲವು ಪರಿವರ್ತಕಗಳು ಕನ್ನಡದ ಚೂರುಗಳೆಂದೇ ತಿಳಿದು ಕಲಸುಮೇಲೋಗರ ಮಾಡಿಬಿಡುತ್ತವೆ. ಹಾಗಾಗಿ ಪಿಡಿಎಫ್‌ನ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬರು ಕರಡು ತಿದ್ದಲೇಬೇಕು. ಕನ್ನಡ ಓದಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕೆಂದು ನಾವು ಒತ್ತಿ ಹೇಳುತ್ತೇವೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮುಂದಿನ ಪೀಳಿಗೆಗೆ ತಪ್ಪಾದ ಅರ್ಕಾವತ್ತು ಗೊತ್ತಾಗದೆ ಹೋಗಬಹುದು.

ಹೊಸ ವ್ಯವಸ್ಥೆಯಲ್ಲಿ ಕನ್ನಡ ಬರೆಯುವುದರ ಬಗ್ಗೆ ಭಯ ಬೇಡ. ವಿಂಡೋಸ್ 11ರಲ್ಲಿ ಕನ್ನಡದ ಕೀಲಿಮಣೆ ಅಂತರ್ಗತವಾಗಿದೆ. ಉಚ್ಚಾರಣೆಯಂತೆ ಇಂಗ್ಲಿಷ್ ಕೀಲಿಗಳಲ್ಲಿ ಬರೆಯುವ ಸೌಲಭ್ಯ 2019ರ ಮೇ ತಿಂಗಳ ವಿಂಡೋಸ್ 10 ಆವೃತ್ತಿಯಲ್ಲಿಯೇ ಸೇರಿತ್ತು. ಕೆ. ಪಿ. ರಾವ್ ಅವರ ವಿನ್ಯಾಸಕ್ಕೆ ಬೆರಳು ಪಳಗಿದವರು ನುಡಿಯ ಯುನಿಕೋಡ್ ಸೌಲಭ್ಯವಿರುವ ಆವೃತ್ತಿಯನ್ನು ಬಳಸಬಹುದು. ತುಂಗಾ ಅಕ್ಷರಶೈಲಿ ಕಾಣದಿದ್ದರೆ ಗಾಬರಿಯಾಗಬೇಡಿ. ಅದನ್ನು ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಮತ್ತೆ ಪಡೆಯಬಹುದು, ಪಡೆಯದಿದ್ದರೂ ಯುನಿಕೋಡ್ ಬರಹ ನಿರ್ಮಲಾ ಎಂಬ ಶೈಲಿಯಲ್ಲಿ ಓದಲು ಬರುತ್ತದೆ.

ಅರ್ಹತೆಯಿಲ್ಲದ ಯಂತ್ರಕ್ಕೆ ದಾರಿ

ಯಂತ್ರ ವಿಂಡೋಸ್ 11ಕ್ಕೆ ಅರ್ಹವಲ್ಲ, ಆದರೆ ಇನ್ನೂ ಗಟ್ಟಿಯಾಗಿದೆ ಎನ್ನುವವರಿಗೆ ಲಿನಕ್ಸ್ ಉಂಟು. ಲಿನಕ್ಸ್ ಮಿಂಟ್ ಎರಡು ಜಿಬಿ ರ್‍ಯಾಮ್‌ನಲ್ಲಿಯೂ ನಡೆಯುತ್ತದೆ, ನಾಲ್ಕಿದ್ದರೆ ಹಿತ. ಬೆಲೆಯಿಲ್ಲ. ಕನ್ನಡಕ್ಕೆ ಅಲ್ಲಿ ಕೊರತೆಯಿಲ್ಲ. ಕೆ. ಪಿ. ರಾವ್ ವಿನ್ಯಾಸವೂ ಸೇರಿದಂತೆ ಹಲವು ಕೀಲಿಮಣೆಗಳು, ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಅಕ್ಷರಶೈಲಿಗಳು ದೊರೆಯುತ್ತವೆ. ಪತ್ರ ಬರೆಯುವುದು, ಅಂತರ್ಜಾಲ, ಬ್ಯಾಂಕಿನ ಜಾಲತಾಣ, ಮೊಮ್ಮಕ್ಕಳೊಡನೆ ದೃಶ್ಯಸಂಭಾಷಣೆ ಇಷ್ಟೇ ಬೇಕಾದ ಮನೆಗೆ ಇದು ಸಾಕು. ಆದರೆ ವಿಂಡೋಸ್‌ಗೆಂದೇ ಬರೆದ ಲೆಕ್ಕಪತ್ರದ ತಂತ್ರಾಂಶ, ಹಳೆಯ ಪ್ರಿಂಟರ್ ಅಥವಾ ಡಿಜಿಟಲ್ ಸಹಿಯ ಸಾಧನ ಇರುವವರು ಅವು ಅಲ್ಲಿ ನಡೆಯುತ್ತವೆಯೇ ಎಂದು ಮೊದಲು ಪರೀಕ್ಷಿಸಬೇಕು. ಪೆನ್‌ಡ್ರೈವ್‌ನಿಂದಲೇ ಮಿಂಟ್ ನಡೆಸಿ ನೋಡಬಹುದಾದ್ದರಿಂದ ಪರೀಕ್ಷೆಗೆ ಖರ್ಚಿಲ್ಲ.

ಮತ್ತೊಂದು ದಾರಿ, ಹಳೆಯ ಗಣಕವನ್ನು ಅಂತರ್ಜಾಲದಿಂದ ಪೂರ್ತಿಯಾಗಿ ಬಿಡಿಸಿ ಹಳೆಯ ಕಡತಗಳನ್ನು ತೆರೆಯುವುದಕ್ಕಷ್ಟೇ ಇರಿಸಿಕೊಳ್ಳುವುದು. ನಾವು ಇದನ್ನು ಹೀಗಳೆಯುವುದಿಲ್ಲ. ಪೇಜ್‌ಮೇಕರ್ ಕೆಲಸ ಬಾಕಿಯಿರುವವರಿಗೆ ಇದೇ ಸರಿ. ಬೆಂಬಲವಿಲ್ಲದ ಗಣಕದಲ್ಲಿ ಬ್ಯಾಂಕಿನ ವ್ಯವಹಾರ, ಆದಾಯ ತೆರಿಗೆಯ ವಿವರ ಸಲ್ಲಿಕೆ ಮಾತ್ರ ಖಂಡಿತ ಬೇಡ. ಈ ವಿಷಯದಲ್ಲಿ ನಮಗೆ ಸಂಶಯವಿಲ್ಲ.

ಬದಲಿಸುವ ದಿನ

ಮೇಲ್ದರ್ಜೆಗೇರಿಸಲು ನಿರ್ಧರಿಸಿದವರು ಕಡತಗಳನ್ನೂ ಫಾಂಟ್‌ಗಳನ್ನೂ ಎರಡು ಪ್ರತ್ಯೇಕ ಸಾಧನಗಳಲ್ಲಿ ನಕಲಿಸಿ, ಅವು ಬೇರೆ ಗಣಕದಲ್ಲಿ ತೆರೆಯುತ್ತವೆಯೆಂದು ಕಂಡ ನಂತರವೇ ಕೈ ಹಾಕಬೇಕು. ಹೊಸದು ಒಗ್ಗದಿದ್ದರೆ ಹತ್ತು ದಿನಗಳೊಳಗೆ ವಿಂಡೋಸ್ 10ಕ್ಕೆ ಹಿಂತಿರುಗುವ ಅವಕಾಶವಿದೆ. ಆ ಹತ್ತು ದಿನಗಳಲ್ಲಿ ಪ್ರಿಂಟರ್, ಸ್ಕ್ಯಾನರ್, ಕನ್ನಡದ ಹಳೆಯ ಕಡತ, ತೆರಿಗೆಯ ತಂತ್ರಾಂಶ ಎಲ್ಲವನ್ನೂ ಒಮ್ಮೆ ನಡೆಸಿ ನೋಡಿ. ಹನ್ನೊಂದನೆಯ ದಿನ ನೆನಪಾದರೆ ತಡವಾಯಿತು.

ಹೊಸ ಗಣಕಗಳಲ್ಲಿ ಡಿಸ್ಕ್ ತಾನಾಗಿಯೇ ಗುಪ್ತಲಿಪಿಗೆ ಒಳಪಟ್ಟಿರಬಹುದು. ಏನಾದರೂ ಕೆಟ್ಟಾಗ ಅದು 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಗಣಕವನ್ನು ಸಜ್ಜುಗೊಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ನಮ್ಮ ಮನೆಗಳಲ್ಲಿ ಗಣಕವನ್ನು ಸಜ್ಜುಗೊಳಿಸುವವರು ರಜೆಗೆ ಬಂದ ಮಗನೋ ಮಗಳೋ ಆಗಿರುತ್ತಾರೆ, ಖಾತೆ ಅವರ ಹೆಸರಿನಲ್ಲಿರುತ್ತದೆ. ಅವರು ವಿಮಾನ ಹತ್ತುವ ಮೊದಲು ಆ ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಂಡು ಪಾಸ್‌ಬುಕ್ಕಿನ ಜೊತೆ ಇಟ್ಟುಕೊಳ್ಳಿ.

ಹಳೆಯ ಯಂತ್ರವನ್ನು ಕೊಟ್ಟುಬಿಡುವವರು ಅದರ ಹಾರ್ಡ್ ಡಿಸ್ಕನ್ನು ಮಾತ್ರ ಬಿಚ್ಚಿಸಿ ಇರಿಸಿಕೊಳ್ಳಬೇಕು. ನಾಲ್ಕು ತಿರುಪುಗಳ ಕೆಲಸ. ಯುಎಸ್‌ಬಿ ಕವಚವೊಂದರಲ್ಲಿ ಹಾಕಿದರೆ ಅದು ಯಾವ ಗಣಕಕ್ಕಾದರೂ ಪೆನ್‌ಡ್ರೈವ್‌ನಂತೆ ಜೋಡಣೆಯಾಗುತ್ತದೆ, ಮತ್ತು ಮರೆತುಹೋದ ಫಾಂಟ್ ಅದರೊಳಗೇ ಇರುತ್ತದೆ.